ತಾತನ ಕಾರಿನ ಎಂಜಿನ್ ಇಳಿಸಿದ್ದು

ಹೋದ ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಕೊಳ್ಳೇಗಾಲದ ತವರು ಮನೆಗೆ ಹೋದಾಗ ಗೇಟಿನ ಮುಂದೆ ಗುಜರಿಯವರ ಗಾಡಿ ನಿಂತಿತ್ತು. ಶೆಡ್ಡಿನ ಕೆಳಗೆ ಹನ್ನೊಂದು ವರ್ಷದಿಂದ ಅಲ್ಲಾಡದೆ ನಿಂತಿದ್ದ ಅಂಬಾಸಿಡರ್ ಕಾರನ್ನು ಇಬ್ಬರು ಸುತ್ತು ಹಾಕಿ ನೋಡುತ್ತಿದ್ದರು. ಒಬ್ಬ ಬಾಗಿಲನ್ನು ಬೆರಳಿನಿಂದ ತಟ್ಟಿ, “ತಗಡು ಗಟ್ಟಿಯಾಗದೆ. ತೂಕಕ್ಕೆ ತಗೋತೀವಿ” ಅಂದ.

ಅಪ್ಪ ಏನೂ ಹೇಳಲಿಲ್ಲ. ಅವ್ವ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತು, “ತಕ್ಕೊಂಡೋಗ್ಲಿ ಬಿಡಿ. ಆ ಜಾಗದಲ್ಲಿ ಬಟ್ಟೆ ಒಣಗಾಕಕಾದ್ರೂ ಆಯ್ತದೆ” ಅಂದರು. ವರ್ಷಕ್ಕೆ ನಾಲ್ಕು ಸಲ ಅವ್ವ ಹೇಳುವ ಮಾತೇ ಅದು. ಆದರೆ ಗುಜರಿಯವನು ಜೇಬಿನಿಂದ ದುಡ್ಡು ತೆಗೆದು ಎಣಿಸತೊಡಗಿದಾಗ ಅವರೇ ಮುಂದೆ ಬಂದು, “ಇವತ್ತು ಬ್ಯಾಡ. ಶುಕ್ರವಾರ ಮನೆಯಿಂದ ಏನೂ ಆಚೆ ಕೊಡಲ್ಲ” ಅಂದುಬಿಟ್ಟರು.

ನಮ್ಮಪ್ಪ ರೇಷ್ಮೆ ಸೀರೆ ವ್ಯಾಪಾರ ಮಾಡುತ್ತಿದ್ದವರು. 1974ರ ಆ ಕಾರಿನ ಡಿಕ್ಕಿಯಲ್ಲಿ ಕೊಳ್ಳೇಗಾಲದ ಸೀರೆಗಳು ಮೈಸೂರಿಗೂ ಬೆಂಗಳೂರಿಗೂ ಹೋಗಿವೆ. ಅವ್ವನ ತವರು ಹನೂರು, ಸೋದರತ್ತೆಯ ಮನೆ ಯಳಂದೂರು. ಮದುವೆ, ಬಾಣಂತನ, ಜಾತ್ರೆ, ಸಾವು ಎಲ್ಲಕ್ಕೂ ಅದೇ ಕಾರು. ನನ್ನನ್ನು ಗಂಡನ ಮನೆಗೆ ಬಿಟ್ಟು ಬಂದದ್ದೂ ಅದೇ. ಅದು ಕೊನೆಯ ಸಲ ಓಡಿದ್ದು ಮಲೆ ಮಹದೇಶ್ವರ ಬೆಟ್ಟಕ್ಕೆ. ತಾಳಬೆಟ್ಟ ದಾಟಿ ಘಾಟಿ ಹತ್ತುವಾಗ ಎಂಜಿನ್ ಕಾದು ಹೊಗೆಯಾಡಿತು. ಹೇಗೋ ನೀರು ಹಾಕಿಕೊಂಡು, ನಿಂತು ನಿಂತು ಮನೆ ಸೇರಿಸಿದರು. ಶೆಡ್ಡಿಗೆ ಬಿಟ್ಟ ಮೇಲೆ ಅಪ್ಪ ಅದರ ಕೀಲಿಯನ್ನು ಮುಟ್ಟಲಿಲ್ಲ. ಏಕೆಂದು ನಾವು ಯಾರೂ ಕೇಳಿರಲಿಲ್ಲ.

ಎಂಟನೇ ತರಗತಿಗೆ ಹೋಗಲಿದ್ದ ನನ್ನ ಮಗಳು ಕೇಳಿದಳು. “ತಾತಾ, ಇದು ಸತ್ತು ಹೋಗಿದೆಯಾ, ನಿದ್ದೆ ಮಾಡ್ತಿದೆಯಾ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಚ್ಚಿ ನೋಡಿದ್ರೇ ಗೊತ್ತಾಗೋದು ಪುಟ್ಟಿ” ಅಂದರು.

ಎಮ್ಮೆಯೋ, ಕುದುರೆಯೋ?

ಮಾರನೆಯ ದಿನ ಹನೂರಿನಿಂದ ಮೆಕ್ಯಾನಿಕ್ ಬಂದ. ಮೂವತ್ತೈದರ ಆಸುಪಾಸಿನ ಹುಡುಗ. ಅವನ ಜೊತೆ ಯಳಂದೂರಿನಿಂದ ಅವನ ಗುರು, ಎಪ್ಪತ್ತು ದಾಟಿದ ಹಿರಿಯ ಮೇಸ್ತ್ರಿಯೂ ಬಂದರು. “ಹಳೇ ಗಾಡಿ ಅಂದ್ರೆ ಇವರಿಗೆ ಬಸ್ಸಿನ ಚಾರ್ಜೂ ಕೊಡಬೇಕಾಗಿಲ್ಲ, ಓಡಿ ಬತ್ತರೆ” ಎಂದು ಶಿಷ್ಯ ನಕ್ಕ. ಮೇಸ್ತ್ರಿಗೆ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿದೆವು.

ಪಕ್ಕದ ಮನೆಯ ಹುಡುಗ ಬೇಲಿಯಾಚೆಯಿಂದ, “ಈ ಎಮ್ಮೆನ ರಿಪೇರಿ ಮಾಡ್ತೀರಾ? ಸ್ಪೋರ್ಟ್ಸ್ ಕಾರಾಗಿದ್ರೆ ಏನೋ ಅನ್ನಬಹುದಿತ್ತು” ಅಂದ. ಮೇಸ್ತ್ರಿ ಅವನನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದ ಸಂಗತಿ ಮಕ್ಕಳಿಗಿರಲಿ, ನನಗೂ ಹೊಸದು.

ಇಂಗ್ಲೆಂಡಿನಲ್ಲಿ ಬಿ.ಎಂ.ಸಿ. ಎಂಬ ದೊಡ್ಡ ಕಾರು ಕಂಪನಿ ಇತ್ತು. ಆಸ್ಟಿನ್, ಮಾರಿಸ್, ಎಂ.ಜಿ. ಎಲ್ಲವೂ ಅದರ ಮಕ್ಕಳೇ. ಆ ಕಂಪನಿಯ ಒಂದು ಎಂಜಿನ್ ವಂಶಕ್ಕೆ ‘ಬಿ ಸೀರೀಸ್’ ಎಂದು ಹೆಸರು. 1955ರಲ್ಲಿ ಎಂ.ಜಿ. ಹೆಸರಿನಲ್ಲಿ ‘ಎಂಜಿಎ’ ಎಂಬ ಎರಡೇ ಸೀಟಿನ, ನೆಲಕ್ಕೆ ಅಂಟಿದಂತೆ ಓಡುವ ಸ್ಪೋರ್ಟ್ಸ್ ಕಾರು ಹೊರಬಂತು. ಅದರೊಳಗೆ ಇದ್ದದ್ದು 1489 ಸಿ.ಸಿ. ಬಿ ಸೀರೀಸ್ ಎಂಜಿನ್. ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿ ಓಡುತ್ತಿದ್ದ ಆ ಕಾರು 1962ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು.

ಅದೇ ಕಂಪನಿಯ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಮೂನೆಯನ್ನು ತಂದು ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಅಂಬಾಸಿಡರ್ ಕಟ್ಟಿದರು. ಶುರುವಿನ ಕಾರುಗಳಲ್ಲಿ ಬೇರೆ ಎಂಜಿನ್ ಇತ್ತು. 1959ರ ಹೊತ್ತಿಗೆ ಅದರೊಳಗೂ 1489 ಸಿ.ಸಿ. ಬಿ ಸೀರೀಸ್ ಎಂಜಿನ್ ಬಂದು ಕೂತಿತು. ಅಂದರೆ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ ಕೊಳ್ಳೇಗಾಲದ ಸೀರೆ ಹೊತ್ತ ಎಂಜಿನ್ನೂ ಅಣ್ಣತಮ್ಮಂದಿರು!

“ಹಂಗಾದ್ರೆ ಇದ್ಯಾಕೆ ಅಷ್ಟು ಜೋರಾಗಿ ಓಡಲ್ಲ?” ಎಂದು ಹುಡುಗ ಕೇಳಿದ.

“ಅಣ್ಣನಿಗೆ ಎರಡು ಕಾರ್ಬ್ಯುರೇಟರ್, ತಮ್ಮನಿಗೆ ಒಂದೇ. ಅಣ್ಣ 70 ಅಶ್ವಶಕ್ತಿ ಹತ್ತಿರ ಕೊಡ್ತಿದ್ದ, ತಮ್ಮ 50ರ ಆಸುಪಾಸು. ಅಣ್ಣನ ಮೇಲೆ ಇಬ್ಬರೇ ಕೂರೋರು. ತಮ್ಮನ ಮೇಲೆ ಎಂಟು ಜನ, ಮ್ಯಾಗೆ ಎರಡು ಮೂಟೆ, ಬೆಟ್ಟ ಬೇರೆ ಹತ್ತಬೇಕು. ಎಮ್ಮೆ ಮಾಡ್ದೋರು ನಾವೇ ಕನಾ ಮಗ” ಅಂದರು ಮೇಸ್ತ್ರಿ.

ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬದಿಯಲ್ಲಿರುವ ‘ಪಯಣ’ ಕಾರು ಸಂಗ್ರಹಾಲಯದಲ್ಲೋ ಧರ್ಮಸ್ಥಳದ ಸಂಗ್ರಹಾಲಯದಲ್ಲೋ ಹಳೆಯ ಕಾರುಗಳನ್ನು ನೋಡಿದ ಮಕ್ಕಳಿಗೆ ಅವುಗಳ ಹೊರಮೈ ಗೊತ್ತು. ಒಳಗಿರುವ ಎಂಜಿನ್ನನ್ನು ಹೊರಗೆ ತೆಗೆಯುವುದು ಹೇಗೆ? ಮುಂದಿನ ಮೂರು ದಿನ ನಾವು ನೋಡಿದ್ದು ಅದನ್ನೇ.

ಇಳಿಸುವುದು ಏಕೆ?

ಗ್ಯಾರೇಜಿನ ಭಾಷೆಯಲ್ಲಿ ಎಂಜಿನ್ ತೆಗೆಯುವುದಕ್ಕೆ ‘ಎಂಜಿನ್ ಇಳಿಸುವುದು’ ಅನ್ನುತ್ತಾರೆ. ಯಾರೂ ಸುಮ್ಮನೆ ಎಂಜಿನ್ ಇಳಿಸುವುದಿಲ್ಲ. ಮೊದಲು ಬೇರೆ ದಾರಿಗಳನ್ನು ನೋಡುತ್ತಾರೆ. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಮುಂದಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದರು. ಹಿಂದಿನ ಕಾಲದಲ್ಲಿ ಬ್ಯಾಟರಿ ಕೈಕೊಟ್ಟರೆ ಹೀಗೆಯೇ ಕಾರು ಸ್ಟಾರ್ಟ್ ಮಾಡುತ್ತಿದ್ದದ್ದು ಅಜ್ಜಂದಿರಿಗೆ ನೆನಪಿದ್ದೀತು. ಹ್ಯಾಂಡಲ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಎಂಜಿನ್ ಜಾಮ್ ಆಗಿತ್ತು.

ಶಿಷ್ಯ ಇನ್ನೊಂದು ದಾರಿ ಹೇಳಿದ. “ಯಜಮಾನ್ರೇ, ಇದನ್ನ ತೆಗೆದು ಯಾವುದಾದ್ರೂ ಡೀಸೆಲ್ ಎಂಜಿನ್ ಕೂರಿಸಿಬಿಡೋಣ. ಖರ್ಚೂ ಕಮ್ಮಿ, ಮೈಲೇಜೂ ಬತ್ತದೆ.” ಬಹಳ ಜನ ಹಾಗೆ ಮಾಡಿದ್ದಾರೆ, ನಿಜ. ಆದರೆ ಕಾರಿನ ಆರ್.ಸಿ.ಯಲ್ಲಿ ಚಾಸಿ ನಂಬರ್ ಜೊತೆಗೆ ಎಂಜಿನ್ ನಂಬರ್ ಕೂಡ ಬರೆದಿರುತ್ತದೆ. ಬೇರೆ ಜಾತಿಯ ಎಂಜಿನ್ ಹಾಕಬೇಕಾದರೆ ಆರ್‌ಟಿಒ ಅನುಮತಿ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ 50 ವರ್ಷ ದಾಟಿದ ಖಾಸಗಿ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅದಕ್ಕೂ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು.

ಅಪ್ಪ ಆರ್.ಸಿ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಆ ನಂಬರನ್ನು ಬೆರಳಿನಿಂದ ಸವರಿದರು. “ಇದೇ ಎಂಜಿನ್ ಆಗಬೇಕು. ಆಗಲ್ಲ ಅಂದ್ರೆ ಗುಜರಿಗೆ ಹೋಗ್ಲಿ” ಅಂದರು.

ಹೀಗೆ ನಮ್ಮ ಕಾರಿನ ಹಣೆಬರಹ ಒಂದು ಪ್ರಶ್ನೆಯ ಮೇಲೆ ನಿಂತಿತು. ಒಳಗಿನ ಬ್ಲಾಕ್, ಅಂದರೆ ಎಂಜಿನ್ನಿನ ಎರಕದ ಕಬ್ಬಿಣದ ಮೈ, ಬಿರುಕು ಬಿಟ್ಟಿದೆಯೋ ಇಲ್ಲವೋ? ಬಿರುಕು ಬಿಟ್ಟಿದ್ದರೆ ಕಥೆ ಮುಗಿಯಿತು.

ಸೀರೆ ಡಬ್ಬಗಳ ಲೆಕ್ಕ

ಕೆಲಸ ಶುರು ಮಾಡುವ ಮುಂಚೆ ಮೇಸ್ತ್ರಿ ನನ್ನ ಮಗಳನ್ನು ಕರೆದರು. “ಕೂಸೇ, ನಿನ್ನ ಕೈಲಿ ಬರೆಯೋ ಪುಸ್ತಕ ಅದಾ? ಬಿಚ್ಚೋ ಕೆಲಸ ಯಾರು ಬೇಕಾದ್ರೂ ಮಾಡ್ತರೆ. ಮತ್ತೆ ಜೋಡಿಸೋಕೆ ಆಗೋ ಹಂಗೆ ಬಿಚ್ಚೋದು ಕನಾ ವಿದ್ಯೆ. ಆ ಕೆಲಸ ನಿಂದು.”

ಅವಳು ನೋಟ್ ಪುಸ್ತಕದಲ್ಲಿ ಒಂದು ಪಟ್ಟಿ ಮಾಡಿದಳು. ಮೇಸ್ತ್ರಿ ಹೇಳಿದಂತೆ ಎಂಜಿನ್ನಿಗೂ ಕಾರಿಗೂ ಸಂಬಂಧ ಇರುವ ಎಲ್ಲವನ್ನೂ ಸಾಲಾಗಿ ಬರೆದು, ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಒಂದು ಚೌಕ ಬಿಟ್ಟಳು. ಬಿಚ್ಚಿದ ಬೋಲ್ಟುಗಳನ್ನು ಎಲ್ಲಿ ಇಡುವುದು? ಅವ್ವ ಅಟ್ಟದಿಂದ ಹಳೆಯ ರಟ್ಟಿನ ಸೀರೆ ಡಬ್ಬಗಳನ್ನು ಇಳಿಸಿ ಕೊಟ್ಟರು. ಒಂದೊಂದು ಡಬ್ಬದ ಮೇಲೂ ಮಗಳು ದಪ್ಪ ಅಕ್ಷರದಲ್ಲಿ ಬರೆದಳು: ‘ರೇಡಿಯೇಟರ್’, ‘ಡೈನಮೋ’, ‘ಸೆಲ್ಫ್ ಮೋಟಾರ್’, ‘ಸೈಲೆನ್ಸರ್’.

ಮೊದಲು ಬಿಚ್ಚಿದ್ದು ಬ್ಯಾಟರಿಯ ವೈರು. ಸ್ಪ್ಯಾನರ್ ತಾಗಿ ಕಿಡಿ ಹಾರಬಾರದು ಎಂಬುದಕ್ಕೆ. ಆಮೇಲೆ ಬಾನೆಟ್. ಅದರ ಕೀಲಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಮತ್ತೆ ಕೂರಿಸುವಾಗ ಅದೇ ಗೆರೆಗೆ ಕೂರಿಸಿದರೆ ಸೊಟ್ಟಗಾಗುವುದಿಲ್ಲ. ಆಮೇಲೆ ರೇಡಿಯೇಟರಿನ ನೀರು, ಎಂಜಿನ್ ಆಯಿಲ್, ಗೇರ್ ಆಯಿಲ್ ಮೂರನ್ನೂ ಬೇರೆ ಬೇರೆ ಡಬ್ಬಕ್ಕೆ ಇಳಿಸಿದರು. ಹಳೆಯ ಆಯಿಲನ್ನು ಚರಂಡಿಗೆ ಸುರಿಯಲಿಲ್ಲ. ಮುಚ್ಚಳ ಹಾಕಿ ಎತ್ತಿಟ್ಟರು. ಗೇರ್ ಆಯಿಲ್ ಏಕೆ ಇಳಿಸಬೇಕು ಎಂಬುದು ಆಗ ತಿಳಿಯಲಿಲ್ಲ, ಎಂಜಿನ್ ಬಾಲ ಕೆಳಗೆ ಮಾಡಿದಾಗ ತಿಳಿಯಿತು.

ನೀರು ಪೂರ್ತಿ ಇಳಿದ ಮೇಲೆ ರೇಡಿಯೇಟರ್ ಹೊರಬಂತು. ಪೆಟ್ರೋಲ್ ಪೈಪನ್ನು ಕಳಚಿ ಬಾಯಿ ಮುಚ್ಚಿದರು. ಆಕ್ಸಿಲರೇಟರಿನ ಕಂಬಿ, ಚೋಕಿನ ತಂತಿ, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರು, ಡೈನಮೋ ವೈರುಗಳು, ಸೆಲ್ಫ್ ಮೋಟಾರಿನ ದಪ್ಪ ವೈರು ಒಂದೊಂದಾಗಿ ಬಿಚ್ಚಿದವು. ಪ್ರತಿ ವೈರಿನ ತುದಿಗೂ ಮಗಳು ಕಾಗದದ ಚೀಟಿ ಅಂಟಿಸಿದಳು. ಸೈಲೆನ್ಸರ್ ಪೈಪಿನ ನಟ್ಟುಗಳು ಮಾತ್ರ ತುಕ್ಕು ಹಿಡಿದು ಮೊಂಡು ಹಿಡಿದಿದ್ದವು. ಶಿಷ್ಯ ಜೋರು ಮಾಡಲು ಹೋದಾಗ ಮೇಸ್ತ್ರಿ ತಡೆದರು. ಎಣ್ಣೆ ಹಾಕಿ ಮಧ್ಯಾಹ್ನದ ಊಟಕ್ಕೆ ಕೂರಿಸಿದರು. ಊಟ ಮುಗಿಸಿ ಬರುವಷ್ಟರಲ್ಲಿ ನಟ್ಟುಗಳು ಸಡಿಲವಾಗಿದ್ದವು.

ಇಲ್ಲಿ ಮಕ್ಕಳು ಕಲಿಯಬೇಕಾದ ಒಂದು ಸಣ್ಣ ಅಳತೆಯ ಪಾಠವಿದೆ. ಈ ಕಾರಿನ ಬೋಲ್ಟುಗಳು ಇಂಗ್ಲೆಂಡಿನ ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಈಗಿನ ಕಾರುಗಳ 13 ಮಿ.ಮೀ. ಸ್ಪ್ಯಾನರ್ ಅದಕ್ಕೆ ಕೂತಂತೆ ಕಾಣುತ್ತದೆ. ಆದರೆ ಆ 0.3 ಮಿ.ಮೀ. ಸಂದಿನಲ್ಲೇ ಸ್ಪ್ಯಾನರ್ ಜಾರಿ ಬೋಲ್ಟಿನ ಮೂಲೆಗಳನ್ನು ತಿಂದುಬಿಡುತ್ತದೆ. ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಮೇಸ್ತ್ರಿ ತಮ್ಮ ಹಳೆಯ ಇಂಚಿನ ಸ್ಪ್ಯಾನರುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಯಳಂದೂರಿನಿಂದ ಹೊತ್ತು ತಂದದ್ದು ಅದಕ್ಕೇ.

ಗೇರ್ ಬಾಕ್ಸ್ ಯಾಕೆ ಜೊತೆಗೆ?

ಎಂಜಿನ್ನಿನ ಬೆನ್ನಿಗೆ ಗೇರ್ ಬಾಕ್ಸ್ ಬೋಲ್ಟಿನಿಂದ ಅಂಟಿಕೊಂಡಿರುತ್ತದೆ. ಎರಡರ ನಡುವೆ ಕ್ಲಚ್. ಗೇರ್ ಬಾಕ್ಸಿನಿಂದ ಚಾಚಿಕೊಂಡ ಒಂದು ದಂಡ ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ನೂಲಿನಷ್ಟೂ ಸಂದಿಲ್ಲದೆ ಕೂತಿರುತ್ತದೆ. ಅಂಬಾಸಿಡರಿನಲ್ಲಿ ಬೇಕಾದರೆ ಎಂಜಿನ್ನನ್ನು ಬೇರೆ, ಗೇರ್ ಬಾಕ್ಸನ್ನು ಬೇರೆ ತೆಗೆಯಬಹುದು. ಆದರೆ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ. ಕಾರಿನೊಳಗೇ ಎರಡನ್ನೂ ಬೇರ್ಪಡಿಸಲು ಎಳೆದಾಡಿದರೆ ಎಂಜಿನ್ನಿನ ಭಾರವೆಲ್ಲ ಆ ದಂಡದ ಮೇಲೆ ಬಿದ್ದು ಬಾಗುತ್ತದೆ. “ಜೋಡಿಯಾಗೇ ಆಚೆಗೆ ಬರಲಿ. ನೆಲದ ಮ್ಯಾಗೆ ಇಟ್ಕೊಂಡು ನಿಧಾನಕ್ಕೆ ಬಿಡಿಸೋಣ” ಅಂದರು ಮೇಸ್ತ್ರಿ. ಅಣ್ಣನಾದ ಎಂ.ಜಿ. ಸ್ಪೋರ್ಟ್ಸ್ ಕಾರುಗಳಲ್ಲೂ ಎಂಜಿನ್, ಗೇರ್ ಬಾಕ್ಸ್ ಎರಡನ್ನೂ ಒಟ್ಟಿಗೇ ಎತ್ತುವುದು ರೂಢಿ.

ಎರಡನೆಯ ದಿನ ಕಾರಿನ ಅಡಿಯ ಕೆಲಸ. ನಾಲ್ಕು ಕಡೆ ದಪ್ಪ ಮರದ ದಿಮ್ಮಿ ಕೊಟ್ಟು, ಕಾರನ್ನು ಅಲ್ಲಾಡಿಸಿ ನೋಡಿದ ಮೇಲೆಯೇ ಶಿಷ್ಯ ಕೆಳಗೆ ತೂರಿದ. ಬರೀ ಜಾಕ್ ನಂಬಿ ಕಾರಿನ ಅಡಿಗೆ ಯಾರೂ ಹೋಗಬಾರದು. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ ಎಂದು ಹೆಸರು. ಅದರ ಹಿಂದಿನ ತುದಿಯ ನಾಲ್ಕು ಬೋಲ್ಟು ಬಿಚ್ಚುವ ಮೊದಲು ಎರಡೂ ಕಡೆ ತಾಗುವಂತೆ ಬಿಳಿ ಬಣ್ಣದ ಗೆರೆ ಹಾಕಿದ. ಹಾಗೆಯೇ ಜೋಡಿಸದಿದ್ದರೆ ಓಡುವಾಗ ಕಾರು ನಡುಗಬಹುದು. ಸ್ಟೀರಿಂಗ್ ಪಕ್ಕದಿಂದ ಬರುವ ಗೇರಿನ ಕಂಬಿಗಳು, ಕ್ಲಚ್ಚಿನ ಜೋಡಣೆ ಕಳಚಿದವು. ಗೇರ್ ಬಾಕ್ಸಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಅದನ್ನು ಹೊತ್ತಿದ್ದ ಅಡ್ಡಪಟ್ಟಿಯನ್ನು ಬಿಚ್ಚಿದರು. ಸಂಜೆಯ ಹೊತ್ತಿಗೆ ಮಗಳ ಪುಸ್ತಕದ ಚೌಕಗಳಲ್ಲಿ ಟಿಕ್ಕುಗಳು ತುಂಬಿದ್ದವು.

ಸರಪಳಿ ಎಳೆದಾಗ

ಈ ಎಂಜಿನ್ನೂ ಗೇರ್ ಬಾಕ್ಸೂ ಸೇರಿದರೆ ಸುಮಾರು ಎರಡು ಕ್ವಿಂಟಲ್. ಐವತ್ತು ಕೆ.ಜಿ.ಯ ನಾಲ್ಕು ರಾಗಿ ಮೂಟೆಯಷ್ಟು. ಹಿಂದೆ ಹುಣಸೆ ಮರದ ಕೊಂಬೆಗೆ ಸರಪಳಿ ಕಟ್ಟಿ ಎಂಜಿನ್ ಎತ್ತುತ್ತಿದ್ದರಂತೆ. ಕೊಂಬೆ ಮುರಿದು ಕೈಕಾಲು ಕಳೆದುಕೊಂಡವರನ್ನು ಕಂಡಿದ್ದೇನೆ ಎಂದರು ಮೇಸ್ತ್ರಿ. ಈಗ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್, ಅದರ ತುದಿಯಲ್ಲಿ ಚೈನ್ ಪುಲ್ಲಿ.

ಬಾವಿಯ ರಾಟೆ ನಿಮಗೆ ಗೊತ್ತಲ್ಲ? ಅದು ಹಗ್ಗದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಹತ್ತು ಕೆ.ಜಿ.ಯ ಕೊಡ ಎತ್ತಲು ಹತ್ತು ಕೆ.ಜಿ.ಯಷ್ಟೇ ಬಲ ಹಾಕಬೇಕು. ಚೈನ್ ಪುಲ್ಲಿಯ ಒಳಗೆ ಹಲ್ಲಿನ ಚಕ್ರಗಳಿವೆ. ಕೈಯಲ್ಲಿ ಸುಮಾರು ಮೂವತ್ತು ಅಡಿ ಸರಪಳಿ ಎಳೆದರೆ ಕೊಕ್ಕೆ ಮೇಲೇರುವುದು ಒಂದೇ ಅಡಿ. ದೂರ ಹೆಚ್ಚು, ಬಲ ಕಡಿಮೆ. ಹಾಗಾಗಿ ಎರಡು ಕ್ವಿಂಟಲ್ ಭಾರವನ್ನು ಒಂದು ಬಿಂದಿಗೆ ನೀರು ಎಳೆದಷ್ಟು ಸಲೀಸಾಗಿ ಒಬ್ಬನೇ ಎತ್ತಬಹುದು. ಕೈಬಿಟ್ಟರೂ ಭಾರ ಕೆಳಗೆ ಜಾರದಂತೆ ಒಳಗೇ ತಡೆ ಇರುತ್ತದೆ.

ಮೂರನೆಯ ದಿನ ಬೆಳಿಗ್ಗೆ ದಿಮ್ಮಿ ತೆಗೆದು ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಎಂಜಿನ್ನಿಗೆ ಸರಪಳಿ ಬಿಗಿದು, ಮುಂದಿನ ಎರಡು ರಬ್ಬರ್ ಮೌಂಟಿಂಗುಗಳನ್ನು ಬಿಚ್ಚಿದರು. ಅಷ್ಟರಲ್ಲಿ ಮಗಳು ಚೆನ್ನಾಗಿ ಕಾಣಲಿ ಎಂದು ಬಂಪರಿನ ಮುಂದೆ ಬಗ್ಗಿದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಮೇಸ್ತ್ರಿ ಗದರಿದರು. “ಏ ಕೂಸೇ, ಆಚೆಗೆ! ತೂಗೋ ಭಾರದ ಕೆಳಗೆ ದೇವರೂ ತಲೆ ಕೊಡಬಾರದು.” ಅಪ್ಪ ಅವಳ ಕೈ ಹಿಡಿದು ಜಗಲಿಗೆ ಕರೆತಂದು ಕೂರಿಸಿದರು.

ಶಿಷ್ಯ ಸರಪಳಿ ಎಳೆದ. ಕಿರಕ್ ಕಿರಕ್ ಎಂದು ಸದ್ದಾಗುತ್ತಾ ಎಂಜಿನ್ ಒಂದು ಇಂಚು, ಎರಡು ಇಂಚು, ನಾಲ್ಕು ಇಂಚು ಎದ್ದಿತು. ಮುಂಭಾಗ ಮೇಲೆ, ಗೇರ್ ಬಾಕ್ಸಿನ ಬಾಲ ಕೆಳಗೆ. ಹಾಗೆ ಓರೆಯಾಗಿಯೇ ಅದು ಹೊರಗೆ ಬರಬೇಕು.

ನಿಂತಿತು. ಮುಂದಕ್ಕೆ ಬರಲಿಲ್ಲ.

“ಎಲ್ಲೋ ಸಿಕ್ಕೊಂಡದೆ. ಇನ್ನೊಂದು ಎಳೆತ ಹಾಕಲಾ?” ಎಂದ ಶಿಷ್ಯ.

“ತಡೀರಿ!” ಮಗಳು ಜಗಲಿಯಿಂದ ಕೂಗಿದಳು. ಪುಸ್ತಕ ಅವಳ ತೊಡೆಯ ಮೇಲೆ ತೆರೆದಿತ್ತು. ಎರಡನೆಯ ಪುಟದ ಕೊನೆಯಲ್ಲಿ ಒಂದು ಚೌಕ ಖಾಲಿ. “ಸ್ಪೀಡೋಮೀಟರ್ ಕೇಬಲ್‌ಗೆ ಟಿಕ್ ಬಿದ್ದಿಲ್ಲ.”

ಕಾರಿನ ವೇಗ ತೋರಿಸುವ ಮುಳ್ಳು ತಿರುಗುವುದು ಗೇರ್ ಬಾಕ್ಸಿನಿಂದ ಬರುವ ಒಂದು ಸಣ್ಣ ಕೇಬಲಿನಿಂದ. ಹಿಂದಿನ ಸಂಜೆ ಕತ್ತಲಾಗಿತ್ತು. ಬಿಚ್ಚಬೇಕಾದ ಆ ಒಂದನ್ನು ಎಲ್ಲರೂ ಮರೆತಿದ್ದೆವು. ಇನ್ನೊಂದು ಎಳೆತ ಬಿದ್ದಿದ್ದರೆ ಕೇಬಲ್ ಕಿತ್ತು, ಗೇರ್ ಬಾಕ್ಸಿನಲ್ಲಿ ಅದು ಕೂರುವ ಜಾಗವೂ ಮುರಿಯುತ್ತಿತ್ತು.

ಮೇಸ್ತ್ರಿ ಕುರ್ಚಿಯಿಂದ ಎದ್ದರು. ಎತ್ತಿದ್ದನ್ನು ಪೂರ್ತಿ ಇಳಿಸಿ, ಜಾಕ್ ಮೇಲೆ ಕೂರಿಸಿ, ಮತ್ತೆ ದಿಮ್ಮಿ ಕೊಟ್ಟ ಮೇಲೆಯೇ ಶಿಷ್ಯನನ್ನು ಕೆಳಗೆ ಬಿಟ್ಟರು. ಒಂದೇ ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಬೇಸರಿಸಲಿಲ್ಲ. ಎರಡನೆಯ ಸಲ ಎತ್ತಿದಾಗ ಎಂಜಿನ್ ಹೊಕ್ಕುಳಬಳ್ಳಿ ಕತ್ತರಿಸಿದ ಮಗುವಿನಂತೆ ಸಲೀಸಾಗಿ ಹೊರಬಂತು. ಅದು ಗಾಳಿಯಲ್ಲಿ ನಿಂತಿರುವಾಗಲೇ ನಾವೆಲ್ಲ ಸೇರಿ ಕಾರನ್ನು ಹಿಂದಕ್ಕೆ ತಳ್ಳಿದೆವು. ಆಮೇಲೆ ಎಂಜಿನ್ನನ್ನು ಹಳೆಯ ಟೈರುಗಳ ಮೇಲೆ ಮೆಲ್ಲಗೆ ಇಳಿಸಿದರು. ‘ಎಂಜಿನ್ ಇಳಿಸುವುದು’ ಎಂಬ ಮಾತಿನ ಅರ್ಥ ಆಗ ಆಯಿತು. ಎತ್ತುವುದು ಯಂತ್ರದ ಕೆಲಸ, ಇಳಿಸುವುದು ಜಾಣತನದ ಕೆಲಸ.

ಭಾರ ಇಳಿದ ಕಾರಿನ ಮೂತಿ ಎರಡು ಇಂಚು ಮೇಲೆದ್ದು ನಿಂತಿತ್ತು. “ನೋಡು, ತಲೆ ಎತ್ತಿ ನೋಡ್ತಾ ಅದೆ” ಅಂದರು ಅವ್ವ.

ಒಳಗೆ ಏನಿತ್ತು?

ಮೊದಲು ಗೇರ್ ಬಾಕ್ಸ್ ಬಿಡಿಸಿದರು. ಕ್ಲಚ್ಚಿನ ಧೂಳನ್ನು ಊದಬೇಡಿ ಎಂದು ಮೇಸ್ತ್ರಿ ಎಚ್ಚರಿಸಿದರು. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಎಂಜಿನ್ನಿನ ಹೆಡ್ ಎತ್ತಿದರು.

ಮೂರು ಸಿಲಿಂಡರುಗಳು ಕಪ್ಪಗೆ, ಎಣ್ಣೆ ಹೊಳಪಿನಲ್ಲಿದ್ದವು. ಒಂದು ಮಾತ್ರ ಕಾವಿ ಬಣ್ಣ. ಘಾಟಿಯಲ್ಲಿ ಕಾದಾಗ ಹೆಡ್ ಗ್ಯಾಸ್ಕೆಟ್ ಸುಟ್ಟು, ಆ ಸಂದಿನಿಂದ ನೀರು ಸಿಲಿಂಡರಿಗೆ ಇಳಿದು ಪಿಸ್ಟನ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಮೇಸ್ತ್ರಿ ಬ್ಲಾಕನ್ನು ಡೀಸೆಲ್‌ನಲ್ಲಿ ತೊಳೆಸಿ, ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದೇ ಕಡೆ ತಡವಿ ನೋಡಿದರು. ಅಪ್ಪ ಉಸಿರು ಬಿಗಿಹಿಡಿದು ನಿಂತಿದ್ದರು.

“ಯಜಮಾನ್ರೇ, ನನ್ನ ಕಣ್ಣಿಗೆ ಬಿರುಕಿಲ್ಲ. ಮೈಸೂರಿಗೆ ಕಳಿಸಿ ಪರೀಕ್ಷೆ ಮಾಡಿಸಿ, ಬೋರ್ ಮಾಡಿಸಿದ್ರೆ ಇನ್ನೊಂದು ಜನ್ಮ ಅದೆ.” ಬೋರ್ ಮಾಡಿಸುವುದು ಅಂದರೆ ಸವೆದ ಸಿಲಿಂಡರನ್ನು ಕೂದಲೆಳೆಯಷ್ಟು ಅಗಲವಾಗಿ ಕೊರೆದು, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಹಾಕುವುದು.

ಅಪ್ಪ ಅಲ್ಲೇ ದಿಮ್ಮಿಯ ಮೇಲೆ ಕೂತುಬಿಟ್ಟರು. ಹನ್ನೊಂದು ವರ್ಷ ಹೇಳದ ಮಾತನ್ನು ಆಗ ಹೇಳಿದರು. ಆ ದಿನ ಘಾಟಿಯಲ್ಲಿ ಬಿಸಿಯ ಮುಳ್ಳು ಕೆಂಪಿಗೆ ಏರಿದ್ದನ್ನು ಅವರು ನೋಡಿದ್ದರು. ನಿಲ್ಲಿಸಬೇಕಿತ್ತು. ಸಂಜೆಯಾಗಿತ್ತು, ಸುತ್ತ ಕಾಡು, ಪಕ್ಕದಲ್ಲಿ ಅವ್ವ. ಇನ್ನೆರಡು ತಿರುವು ಎಂದು ಓಡಿಸಿಬಿಟ್ಟರು. “ನಾನೇ ಕೊಂದೆ ಅಂತಿತ್ತು ಮನಸ್ಸು. ಅದಕ್ಕೇ ಕೀಲಿ ಮುಟ್ಟಲಿಲ್ಲ.”

ಮೇಸ್ತ್ರಿ ಉತ್ತರ ಕೊಡದೆ ರೇಡಿಯೇಟರನ್ನು ತಂದು ಅವರ ಮುಂದಿಟ್ಟು ಒಳಗೆ ತೋರಿಸಿದರು. ಬಚ್ಚಲ ಹಂಡೆಯೊಳಗೆ ಕಟ್ಟುತ್ತದಲ್ಲ, ಅಂಥದೇ ಬಿಳಿ ಸುಣ್ಣದ ಪದರ ಕೊಳವೆಗಳನ್ನೆಲ್ಲ ಮುಚ್ಚಿತ್ತು. “ವರ್ಷಗಟ್ಟಲೆ ಬೋರಿನ ಗಡಸು ನೀರು ಹಾಕಿದ್ದೀರಿ. ಆವತ್ತು ನಿಲ್ಲಿಸಿದ್ರೂ ಇನ್ನೊಂದು ದಿನ ಇದೇ ಆಯ್ತಿತ್ತು. ಎರಡು ತಿರುವು ಕೊಂದಿದ್ದಲ್ಲ ಇದನ್ನ.”

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು, “ಇಷ್ಟಕ್ಕೆ ಹನ್ನೊಂದು ವರ್ಷ ಮುಖ ಗಂಟಾಕೊಂಡಿದ್ರಾ? ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ, ಕತ್ತಲಲ್ಲಿ ನಿಲ್ಲಿಸಬ್ಯಾಡಿ ಅಂದೋಳು ನಾನೇ ಅಂತ” ಅಂದರು.

ಮತ್ತೆ ಹನೂರಿಗೆ

ಬ್ಲಾಕ್ ಮೈಸ��ರಿಗೆ ಹೋಗಿ ಬಂತು. ಬಿರುಕಿರಲಿಲ್ಲ. ಜೋಡಿಸುವಾಗ ಮಗಳ ಪುಸ್ತಕವನ್ನೇ ಕೊನೆಯ ಪುಟದಿಂದ ಹಿಂದಕ್ಕೆ ಓದಿಕೊಂಡು ಹೋದರಂತೆ. ಡಬ್ಬಗಳಲ್ಲಿ ಒಂದು ಬೋಲ್ಟೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ ಎಂದು ಶಿಷ್ಯ ಫೋನಿನಲ್ಲಿ ಹೇಳಿದ.

ವಿಂಟೇಜ್ ನೋಂದಣಿ ಮಾಡಿಸೋಣವೇ ಎಂದು ನಾನು ಕೇಳಿದೆ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲವೇ ಕೆಲಸಗಳಿಗೆ ರಸ್ತೆಗೆ ತರಬಹುದು, ದಿನದ ಓಡಾಟಕ್ಕೆ ಆಗದು. “ಶೋಕೇಸಿನಲ್ಲಿ ಇಡೋಕೆ ಇಷ್ಟು ಕಷ್ಟಪಟ್ಟಿದ್ದಾ?” ಎಂದ ಅಪ್ಪ, ಎಲ್ಲ ಹಳೆಯ ಕಾರುಗಳಂತೆ ಆರ್‌ಟಿಒ ಪರೀಕ್ಷೆಗೆ ಒಯ್ದು ಐದು ವರ್ಷಕ್ಕೆ ಆರ್.ಸಿ. ನವೀಕರಿಸಿಕೊಂಡರು, ವಿಮೆಯನ್ನೂ ಕಟ್ಟಿದರು.

ದಸರಾ ರಜೆಯಲ್ಲಿ ನಾವು ಹೋದಾಗ ಅವ್ವ ಕೊಳ್ಳೇಗಾಲದ ಹಳೆಯ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ಮಗಳು ಹಿಂದೆ. ಅಪ್ಪ ಹನೂರಿನ ದಾರಿ ಹಿಡಿದರು. ಡಿಕ್ಕಿಯಲ್ಲಿ ಎರಡು ಕ್ಯಾನ್ ಒಳ್ಳೆಯ ನೀರು. ಸ್ಪೀಡೋಮೀಟರಿನ ಮುಳ್ಳು ನಡುಗುತ್ತಾ ನಲವತ್ತಕ್ಕೆ ಬಂದು ನಿಂತಿತು. ಅದನ್ನು ನೋಡಿ ಮಗಳು ಪುಸ್ತಕ ತೆಗೆದು, ಬೇಸಿಗೆಯಿಂದ ಖಾಲಿಯೇ ಬಿಟ್ಟಿದ್ದ ಆ ಚೌಕಕ್ಕೆ ಟಿಕ್ ಹಾಕಿದಳು.

ಮಕ್ಕಳೇ, ಲೆಕ್ಕ ಮಾಡಿ ನೋಡಿ

1489 ಸಿ.ಸಿ. ಅಂದರೇನು? ಸಿ.ಸಿ. ಅಂದರೆ ಘನ ಸೆಂಟಿಮೀಟರ್. ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಒಂದೊಂದರ ವ್ಯಾಸ ಸುಮಾರು 7.3 ಸೆಂ.ಮೀ. ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 8.89 ಸೆಂ.ಮೀ. ಸಿಲಿಂಡರಿನ ಘನಫಲ ಕಂಡುಹಿಡಿಯುವ ಸೂತ್ರ ನಿಮಗೆ ಗೊತ್ತು: ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಿ, ಅದನ್ನು 3.1416ರಿಂದ, ಆಮೇಲೆ ಎತ್ತರದಿಂದ ಗುಣಿಸಬೇಕು. ಬಂದ ಉತ್ತರವನ್ನು ನಾಲ್ಕರಿಂದ ಗುಣಿಸಿ. 1489ಕ್ಕೆ ಎಷ್ಟು ಹತ್ತಿರ ಬಂತು? ಅಜ್ಜನಿಗೂ ತೋರಿಸಿ.